ಗೆರೆಯಿಲ್ಲದ ನಟ್ಟು

ಅಮೃತಪ್ಪನ ಮನೆಯ ಬೈಕು ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಗ್ಯಾರೇಜಿನ ಮುಖ ಕಂಡಿರಲಿಲ್ಲ. ಕೆಲವರು ತಮ್ಮ ಮಗ ಒಂದು ಸಲವೂ ಫೇಲಾಗಿಲ್ಲ ಎಂದು ಹೇಳಿಕೊಳ್ಳುತ್ತಾರಲ್ಲ, ಅದೇ ದನಿಯಲ್ಲಿ ಅವನು ಇದನ್ನು ಹೇಳುತ್ತಿದ್ದ. ಕೇಳಿದವರು ಹೌದೇ ಎಂದು ಹುಬ್ಬೇರಿಸದಿದ್ದರೆ ಇನ್ನೊಮ್ಮೆ ಹೇಳುತ್ತಿದ್ದ. ಕಾಚಿಗೂಡ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ, ಹಳೆಯ ಮನೆಯೊಂದರ ಕೆಳಗಿನ ಅರ್ಧದಲ್ಲಿ ಅವನ ಸಂಸಾರ. ಮುಂದೆ ನಾಲ್ಕು ಮಾರು ಸಿಮೆಂಟಿನ ಅಂಗಳ. ಆ ಅಂಗಳವೇ ಅವನ ವರ್ಕ್‌ಶಾಪು.

ಹಾಗಂತ ಬರೀ ಜಂಬ ಕೊಚ್ಚುವ ಆಸಾಮಿಯಲ್ಲ. ಲಿಂಗಸುಗೂರಿನಿಂದ ಇಪ್ಪತ್ತಾರನೇ ವಯಸ್ಸಿಗೆ ಹೈದರಾಬಾದಿಗೆ ಬಂದು, ರಕ್ಷಣಾ ಇಲಾಖೆಗೆ ಸೇರಿದ ಕಾರ್ಖಾನೆಯೊಂದರಲ್ಲಿ ಮೂವತ್ತನಾಲ್ಕು ವರ್ಷ ಫಿಟ್ಟರ್ ಆಗಿ ದುಡಿದು ನಿವೃತ್ತನಾದವನು. ಅಲ್ಲೊಂದು ಪದ್ಧತಿ ಇತ್ತು. ನಟ್ಟು ಬಿಗಿದು, ಎಲ್ಲ ಸರಿಯಾಗಿ ಕೂತಿದೆಯೇ ಎಂದು ನೋಡಿದ ಮೇಲೆ, ನಟ್ಟಿನಿಂದ ಪಕ್ಕದ ಲೋಹದವರೆಗೆ ಬಣ್ಣದಿಂದ ಒಂದು ಸಣ್ಣ ಗೆರೆ ಎಳೆಯಬೇಕು. ಆಮೇಲೆ ನಟ್ಟು ಕೂದಲೆಳೆಯಷ್ಟು ಸಡಿಲಾದರೂ ಗೆರೆ ಮುರಿದು ಕಾಣುತ್ತದೆ. ಗೆರೆ ಎಳೆದ ಮೇಲೇ ಕೆಲಸ ಮುಗಿದ ಲೆಕ್ಕ. ಮನೆಗೆ ಬಂದ ಮೇಲೂ ಅಮೃತಪ್ಪ ಈ ಚಟ ಬಿಡಲಿಲ್ಲ. ಮಗಳು ಮಾನಸಾ ಕಾಲೇಜಿನಲ್ಲಿದ್ದಾಗ ತಂದ ಕೆಂಪು ಉಗುರುಬಣ್ಣದ ಶೀಶೆಯನ್ನು ನಟ್ಟು ಬಿಗಿಯುವ ಪಾನಾಗಳ ಡಬ್ಬಿಯಲ್ಲಿಟ್ಟುಕೊಂಡಿದ್ದ. ಗಾಡಿಯ ನಟ್ಟುಗಳಿಗೆ, ಫ್ಯಾನಿನ ಕೊಕ್ಕೆಗೆ, ಕಡೆಗೆ ಕುಕ್ಕರಿನ ಹಿಡಿಕೆಗೂ ಕೆಂಪು ಗೆರೆ. "ನನ್ನ ಹಣಿಗೂ ಒಂದ್ ಗೆರಿ ಎಳೀರಿ, ನಾನೂ ಪಾಸಾಗ್ತೀನಿ," ಎಂದು ಹೆಂಡತಿ ಸುವರ್ಣಾ ಒಮ್ಮೆ ರೇಗಿದ್ದಳು.

ಕಾರ್ಖಾನೆಯಲ್ಲಿ ಇನ್ನೊಂದು ಪದ್ಧತಿಯೂ ಇತ್ತು. ಅದನ್ನು ಮಾತ್ರ ಅವನು ಮನೆಗೆ ತರಲಿಲ್ಲ. ಬಿಗಿಯುವವನೊಬ್ಬ, ನೋಡಿ ಪಾಸ್ ಮಾಡುವವನು ಬೇರೆಯೊಬ್ಬ. ಇವನ ಕೆಲಸ ನೋಡುತ್ತಿದ್ದವರು ಚಳ್ಳಕೆರೆ ಕಡೆಯ ತಿಪ್ಪೇಸ್ವಾಮಿ ಎಂಬ ಇನ್ಸ್‌ಪೆಕ್ಟರು. ಇವನು ಗೆರೆ ಎಳೆದ ಪ್ರತಿ ನಟ್ಟಿನ ಪಕ್ಕದಲ್ಲಿ ಅವರು ತಮ್ಮದೊಂದು ನೀಲಿ ಚುಕ್ಕೆ ಇಡುತ್ತಿದ್ದರು. ಹೊಸದರಲ್ಲಿ ಅಮೃತಪ್ಪನಿಗೆ ಮೈ ಉರಿಯುತ್ತಿತ್ತು. "ನನ್ನ ಮ್ಯಾಲ ನಂಬಿಕಿ ಇಲ್ಲೇನ್ರಿ ಸಾಹೇಬರ?" ಎಂದು ಕೇಳಿಯೂ ಬಿಟ್ಟಿದ್ದ.

"ನಂಬಿಕೆ ಇದೆ ಕಣಯ್ಯ. ನಾನು ನೋಡೋದು ನಿನ್ನಲ್ಲ, ನಟ್ಟನ್ನ," ಎಂದು ಅವರು ಚುಕ್ಕೆ ಇಟ್ಟು ಮುಂದಕ್ಕೆ ಹೋಗಿದ್ದರು.

ಈಗ ಗಾಡಿ ಓಡಿಸುವವಳು ಮಾನಸಾ. ಫಿಸಿಯೋಥೆರಪಿ ಕಲಿತ ಇಪ್ಪತ್ತಾರರ ಹುಡುಗಿ. ಕೊಂಡಾಪುರದ ಅಪಾರ್ಟ್‌ಮೆಂಟುಗಳಲ್ಲಿ ಮನೆಮನೆಗೆ ಹೋಗಿ, ಲಕ್ವ ಹೊಡೆದವರಿಗೆ, ಮೊಣಕಾಲಿನ ಆಪರೇಷನ್ ಆದವರಿಗೆ ವ್ಯಾಯಾಮ ಮಾಡಿಸುವುದು ಅವಳ ಕೆಲಸ. ಬೆಳಿಗ್ಗೆ ಆರೂವರೆಗೆ ಮನೆ ಬಿಟ್ಟರೆ ಇಪ್ಪತ್ತು ಕಿಲೋಮೀಟರಿನ ಹಾದಿ. ಸ್ಕೂಟಿ ಕೊಡಿಸುತ್ತೇನೆಂದರೆ ಬೇಡ, ಅಪ್ಪನ ಗಾಡಿಯೇ ಬೇಕೆಂದವಳು. ಪಕ್ಕದಲ್ಲಿ ಓಡುತ್ತ ಓಡಿಸಲು ಕಲಿಸಿದವನೂ ಅಪ್ಪನೇ. ಗಾಡಿಯ ಮೇಲಿದ್ದಾಗ ಫೋನ್ ಎತ್ತಬಾರದು, ಹ್ಯಾಂಡಲ್ ಮೇಲಿಂದ ಕೈ ತೆಗೆಯಬಾರದು ಎಂದು ಹೇಳಿ ಹೇಳಿ ಅವಳ ಕಿವಿ ತೂತು ಮಾಡಿದ್ದ. ಎಲ್ಲಕ್ಕಿಂತ ಹೆಚ್ಚಾಗಿ ಮುಂದಿನ ಬ್ರೇಕಿನ ಭಯ ಬಿಡಿಸಿದ್ದ. "ಹಿಂದಿನ ಬ್ರೇಕ್ ಬರೇ ಸಮಾಧಾನ ಮಾಡತೈತಿ. ಗಾಡಿ ನಿಲ್ಲಸೂದು ಮುಂದಿಂದು. ಹೆದರಬ್ಯಾಡ, ಗಟ್ಟಿ ಹಿಡಿ." ಅವಳು ಹಾಗೆಯೇ ಹಿಡಿಯುವುದನ್ನು ಕಲಿತಳು.

ಹೋದ ಸೋಮವಾರ ಅವಳೇ ಬಂದು ಹೇಳಿದಳು. "ಅಪ್ಪಾ, ಮುಂದಿನ ಬ್ರೇಕ್ ಹಿಡದ್ರ ಕಿರ್ ಅಂತೈತಿ. ಬಿಟ್ಟ ಮ್ಯಾಲೂ ಗಾಡಿ ಜಗ್ಗಿ ಹಿಡದಂಗ ಆಕೈತಿ."

ಮಂಗಳವಾರ ಸಂಜೆ ಐದಕ್ಕೆ ಅಮೃತಪ್ಪ ಅಂಗಳದಲ್ಲಿ ಕೂತ. ಗಾಡಿಯನ್ನು ದೊಡ್ಡ ಸ್ಟ್ಯಾಂಡಿಗೆ ಏರಿಸಿ, ಎಂಜಿನ್ನಿನ ಕೆಳಗೆ ಮರದ ತುಂಡು ಕೊಟ್ಟು ಮುಂದಿನ ಗಾಲಿ ನೆಲ ಬಿಡುವಂತೆ ಮಾಡಿದ. ಕೈಯಿಂದ ತಿರುಗಿಸಿದರೆ ಗಾಲಿ ನಾಲ್ಕೈದು ಸುತ್ತಾದರೂ ಹೋಗಬೇಕು. ಅದು ಒಂದೂವರೆ ಸುತ್ತಿಗೇ ನಿಂತಿತು. ಕಿವಿಗೊಟ್ಟು ಕೇಳಿದ. ಸುತ್ತಿನಲ್ಲಿ ಒಂದೇ ಜಾಗದಲ್ಲಿ ಉಜ್ಜಿದರೆ ಗಾಲಿಯ ನಡುವಿನ ಬ್ರೇಕ್ ಡ್ರಮ್ಮು ಸೊಟ್ಟಗಾಗಿದೆ ಎಂದರ್ಥ. ಇದು ಸುತ್ತಿನುದ್ದಕ್ಕೂ ಒಂದೇ ಸಮ ಉಜ್ಜುತ್ತಿತ್ತು. ಅಂದರೆ ಡ್ರಮ್ಮಿನೊಳಗೆ ಗಾಲಿಯನ್ನು ಒತ್ತಿ ಹಿಡಿಯುವ ಬ್ರೇಕಿನ ಶೂಗಳು ನಟ್ಟನಡುವೆ ಕೂತಿಲ್ಲ, ಒಂದು ಪಕ್ಕಕ್ಕೆ ವಾಲಿವೆ. ಗಾಲಿಯ ಅಚ್ಚು ಎಳೆದು ಗಾಲಿ ಬಿಚ್ಚಿದ. ಶೂ ಹೊತ್ತ ದುಂಡು ಬ್ರೇಕ್ ಪ್ಲೇಟನ್ನು ಹೊರಗೆ ತೆಗೆದು, ಒದ್ದೆ ಬಟ್ಟೆಯಿಂದ ಧೂಳು ಒರೆಸಿ, ಶೂಗಳ ಮೈಯನ್ನು ಉಪ್ಪುಕಾಗದದಿಂದ ಹದವಾಗಿ ತಿಕ್ಕಿದ. ಎಲ್ಲ ಚೆನ್ನಾಗಿಯೇ ನಡೆದಿತ್ತು.

ಇನ್ನು ಉಳಿದದ್ದು ಗಾಲಿ ಕೂರಿಸುವುದು. ಇಲ್ಲೊಂದು ವಿಷಯ ಹೇಳಲೇಬೇಕು, ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ. ಗಾಲಿಯನ್ನು ಹಿಡಿದಿರುವ ಎರಡು ಕಾಲುಗಳಲ್ಲಿ ಒಂದರ ಒಳಮೈಗೆ ಹೆಬ್ಬೆರಳಿನ ಗಾತ್ರದ ಒಂದು ಉಬ್ಬು ಇರುತ್ತದೆ. ಬ್ರೇಕ್ ಪ್ಲೇಟಿನ ಅಂಚಿನಲ್ಲಿ ಅದಕ್ಕೆ ಸರಿಯಾಗಿ ಒಂದು ಕಚ್ಚು. ಉಬ್ಬು ಕಚ್ಚಿನೊಳಗೆ ಕೂರಬೇಕು. ಕೂತರೆ, ಬ್ರೇಕ್ ಹಿಡಿದಾಗ ಪ್ಲೇಟು ಅಲುಗದೆ ನಿಲ್ಲುತ್ತದೆ, ಗಾಲಿ ನಿಧಾನಕ್ಕೆ ನಿಲ್ಲುತ್ತದೆ. ಕೂರದಿದ್ದರೂ ನಟ್ಟು ಬಿಗಿಯಲು ಬರುತ್ತದೆ, ಗಾಡಿ ಓಡುತ್ತದೆ, ಮೆಲ್ಲಗೆ ಹಿಡಿದರೆ ಬ್ರೇಕೂ ಹತ್ತುತ್ತದೆ. ಆದರೆ ಒಮ್ಮೆ ಗಟ್ಟಿಯಾಗಿ ಹಿಡಿದರೋ, ಪ್ಲೇಟು ಗಾಲಿಯ ಜತೆಗೇ ತಿರುಗಿ, ಕೇಬಲ್ಲನ್ನು ಸುತ್ತಿಕೊಂಡು, ಗಾಲಿಯನ್ನು ಅಲ್ಲೇ ಕಚ್ಚಿ ನಿಲ್ಲಿಸುತ್ತದೆ. ಗಾಡಿ ನಿಲ್ಲುತ್ತದೆ, ಕೂತವರು ನಿಲ್ಲುವುದಿಲ್ಲ.

ಗಾಲಿಯನ್ನು ಎತ್ತಿ ನಡುವೆ ಇಟ್ಟು, ಅಚ್ಚನ್ನು ತೂರಿಸಿದ್ದನಷ್ಟೆ. ಒಳಗಿನಿಂದ ಸುವರ್ಣಾ ಕೂಗಿದಳು.

"ನಲ್ಲಾದಾಗ ನೀರ್ ಬಂದಾವ್ರಿ, ಲಗೂ ಬರ್ರಿ. ಮ್ಯಾಲಿನವರು ಪೈಪ್ ಹಚ್ಚಾಕತ್ತಾರ."

ಆ ಗಲ್ಲಿಯಲ್ಲಿ ನೀರು ಬರುವುದು ದಿನ ಬಿಟ್ಟು ದಿನ, ಒಂದೇ ತಾಸು. ನೀರು ಬಂತೆಂದರೆ ಊಟದ ತಟ್ಟೆ ಬಿಟ್ಟೂ ಏಳಬೇಕು. ಅಮೃತಪ್ಪ ಎದ್ದ. ನೀರಿನ ಡ್ರಮ್ಮು, ಬಿಂದಿಗೆ, ಬಕೀಟು ತುಂಬಿಸಿ, ಪೈಪಿಗಾಗಿ ಮೇಲಿನ ಮನೆಯವರ ಜತೆ ನಾಲ್ಕು ಮಾತು ತೆಲುಗಿನಲ್ಲಿ ಜಗಳಾಡಿ, ಮುಕ್ಕಾಲು ತಾಸಿನ ಮೇಲೆ ಒದ್ದೆ ಪೈಜಾಮದಲ್ಲಿ ಅಂಗಳಕ್ಕೆ ಮರಳಿದಾಗ ಮಬ್ಬುಗತ್ತಲಾಗಿತ್ತು. ನಟ್ಟು ಬಿಗಿದು, ಕೈ ತೊಳೆದು, ಊಟಕ್ಕೆ ಕೂತ.

ಬುಧವಾರ ಬೆಳಿಗ್ಗೆ ಮಾನಸಾ ಎಂದಿನಂತೆ ಆರೂವರೆಗೆ ಹೊರಟಳು. ಗಾಡಿಯನ್ನು ಗಲ್ಲಿಯಲ್ಲಿ ಚಾಲೂ ಮಾಡದೆ, ತಳ್ಳಿಕೊಂಡು ಮುಖ್ಯ ರಸ್ತೆಯ ಕಡೆ ನಡೆದಳು. ಆಗಾಗ ಅವಳು ಹೀಗೆ ಮಾಡುತ್ತಿದ್ದಳು. ಕೇಳಿದರೆ, "ಮಂದಿ ಮಲಗಿರ್ತಾರ ಅಪ್ಪಾ, ಸಪ್ಪಳ ಯಾಕ," ಎನ್ನುತ್ತಿದ್ದಳು. ಎಷ್ಟು ತಿಳಿವಳಿಕೆ ನೋಡು ಎಂದು ಅಮೃತಪ್ಪನಿಗೆ ಹೆಮ್ಮೆ.

ಏಳು ಗಂಟೆಗೆ ಚಹಾ ಕುಡಿದು, ರಾತ್ರಿ ಹಾಗೇ ಬಿಟ್ಟಿದ್ದ ಪಾನಾಗಳನ್ನು ಡಬ್ಬಿಗೆ ಹಾಕಲು ಕೂತಾಗ ಉಗುರುಬಣ್ಣದ ಶೀಶೆ ಕೈಗೆ ಬಂತು. ಸುಮ್ಮನೆ ಮುಚ್ಚಳ ತಿರುಗಿಸಿದ. ತಿರುಗಲಿಲ್ಲ. ಒತ್ತಿ ತಿರುಗಿಸಿದ. ಒಣಗಿದ ಬಣ್ಣ ಕಚ್ಚಿ ಕಲ್ಲಾಗಿ ಕೂತಿತ್ತು. ನಿನ್ನೆ ತೆರೆದಿದ್ದರೆ ಹೀಗಿರುವುದಿಲ್ಲ. ಅಂದರೆ ನಿನ್ನೆ ಶೀಶೆ ತೆರೆದೇ ಇಲ್ಲ. ಅಂದರೆ ಗೆರೆ ಎಳೆದಿಲ್ಲ.

ಅಲ್ಲೇ ನೆಲದ ಮೇಲೆ ಕೂತು ನಿನ್ನೆಯದನ್ನು ಮೊದಲಿನಿಂದ ನೆನೆಯತೊಡಗಿದ. ಗಾಲಿ ಎತ್ತಿದ್ದು ನೆನಪಿದೆ. ಅಚ್ಚು ತೂರಿಸಿದ್ದು ನೆನಪಿದೆ. ಪೈಪಿನ ಜಗಳ, ಮೇಲಿನ ಮನೆಯವಳು ಬಕೀಟು ಕುಕ್ಕಿದ ಸದ್ದು, ಎಲ್ಲ ನೆನಪಿದೆ. ಪಾನಾ ಹಿಡಿದು ನಟ್ಟು ಬಿಗಿದಾಗ ಅಂಗೈ ಜಾರಿದ್ದೂ ನೆನಪಿದೆ. ಕಚ್ಚಿಗೆ ಉಬ್ಬು ಕೂರಿಸಿದ್ದು? ಬಗ್ಗಿ ನೋಡಿದ್ದು? ಆ ಜಾಗದಲ್ಲಿ ಏನೂ ಇರಲಿಲ್ಲ. ತಡಕಿದಷ್ಟೂ ಖಾಲಿ. ಬೇರೆ ಯಾವ ಯಾವುದೋ ದಿನದ, ಬೇರೆ ಗಾಲಿ ಕೂರಿಸಿದ ನೆನಪು ಬಂದು ನಿಲ್ಲುತ್ತಿತ್ತು. ಮುಂದಿನ ಬ್ರೇಕ್ ಗಟ್ಟಿ ಹಿಡಿ ಎಂದು ಮಗಳಿಗೆ ಕಲಿಸಿದ ಬಾಯಿ ತನ್ನದೇ.

ಇನ್ನೊಂದು ಭಯವೂ ಇತ್ತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಎಂಟು ತಿಂಗಳಿಂದ ಏನೋ ಆಗುತ್ತಿತ್ತು. ಗ್ಯಾಸ್ ಹೊತ್ತಿಸಿ ಮರೆತದ್ದು ಎರಡು ಸಲ. ಅದು ಎಲ್ಲರಿಗೂ ಆಗುತ್ತದೆ ಎನ್ನಿ. ಆದರೆ ಒಂದು ದಿನ ಬೇಗಂ ಬಜಾರಿಗೆ ಅಂಟುವಾಳ ತರಲು ಹೋದವನು, ಇಪ್ಪತ್ತೈದು ವರ್ಷದಿಂದ ಓಡಾಡಿದ ಗಲ್ಲಿಯ ನಡುವೆ ನಿಂತು, ಬಂದದ್ದು ಯಾವ ಕಡೆಯಿಂದ ಎಂದು ತಿಳಿಯದೆ ಅರ್ಧ ತಾಸು ಅಂಗಡಿಯೊಂದರ ಮೆಟ್ಟಿಲ ಮೇಲೆ ಕೂತಿದ್ದ. ಅಂಗಡಿ ಬಂದಾಗಿತ್ತು ಎಂದು ಮನೆಯಲ್ಲಿ ಸುಳ್ಳು ಹೇಳಿದ. ಲಿಂಗಸುಗೂರಿನಲ್ಲಿ ಅವನ ಅಪ್ಪ ಕೊನೆಗಾಲದಲ್ಲಿ ದಿನವೂ ಕೊಡೆ ಹಿಡಿದು ಬಸ್‌ಸ್ಟ್ಯಾಂಡಿಗೆ ಹೋಗಿ ಕೂರುತ್ತಿದ್ದ. ಯಾರಿಗಾಗಿ ಕಾಯುತ್ತೀ ಎಂದರೆ ಹೇಳಲು ಬರುತ್ತಿರಲಿಲ್ಲ. ಆ ಕೊಡೆ ಈಗ ಅಮೃತಪ್ಪನ ಕನಸಿನಲ್ಲಿ ಬರುತ್ತಿತ್ತು.

ಫೋನ್ ಹಚ್ಚಿದ. ರಿಂಗಾಗಿ ರಿಂಗಾಗಿ ಕಟ್ಟಾಯಿತು. ಮತ್ತೆ ಹಚ್ಚಿದ. ಎತ್ತಲಿಲ್ಲ. ಗಾಡಿಯ ಮೇಲಿದ್ದಾಗ ಎತ್ತುವ ಹುಡುಗಿಯೇ ಅಲ್ಲ ಅವಳು, ಎತ್ತದಂತೆ ಮಾಡಿದವನು ಇವನೇ. ಕೊಂಡಾಪುರ ಮುಟ್ಟಿದ ಕೂಡಲೇ ಅವ್ವನಿಗೆ 'ಮುಟ್ಟಿದೆ' ಎಂದು ವಾಟ್ಸಾಪಿನಲ್ಲಿ ಬರೆಯುವುದು ಅವಳ ರೂಢಿ. ಏಳೂ ಇಪ್ಪತ್ತೈದಕ್ಕೆ ಬರುವ ಒಂದು ಶಬ್ದ. ಈಗ ಏಳೂ ನಲವತ್ತು.

"ಮಾನಸಾಂದು ಮೆಸೇಜ್ ಬಂತೇನ?" ಎಂದು ಕೇಳಿದ. ದನಿಯನ್ನು ಎಷ್ಟು ಸಾದಾ ಮಾಡಲು ಹೋದರೂ ಅದು ಒಡೆದೇ ಬಂತು.

ರೊಟ್ಟಿ ಬಡಿಯುತ್ತಿದ್ದ ಸುವರ್ಣಾ ಕೈ ನಿಲ್ಲಿಸಿದಳು. "ಇಲ್ಲರಿ. ಯಾಕ್ರಿ, ಏನಾತು?"

"ಏನಿಲ್ಲ. ಬ್ರೇಕಿಂದು ಸ್ವಲ್ಪ ನೋಡೂದು ಉಳದೈತಿ. ಆಕಿ ಮದ್ಲ ಹೋಗೂ ಮನಿ ಯಾವುದು?"

ಸುವರ್ಣಾಳಿಗೂ ತನ್ನದೊಂದು ಪದ್ಧತಿ. ಮಗಳು ಹೋಗುವ ಮನೆಗಳ ಹೆಸರು ಕೇಳಿ ಕೇಳಿ ಕ್ಯಾಲೆಂಡರಿನ ಹಿಂದೆ ಬರೆದಿಡುತ್ತಿದ್ದಳು. ಹೆಣ್ಣುಹುಡುಗಿ ದಿನವಿಡೀ ಊರು ತಿರುಗುತ್ತಾಳೆ, ಎಲ್ಲಿದ್ದಾಳೆಂದು ಗೊತ್ತಿರಬೇಡವೇ. ಬುಧವಾರ ಮೊದಲ ಮನೆ ಕೊಂಡಾಪುರದ ಬೊಟಾನಿಕಲ್ ಗಾರ್ಡನ್ನಿನ ಹತ್ತಿರದ ಅಪಾರ್ಟ್‌ಮೆಂಟು, ನಲಿನಿ ಎನ್ನುವವರದು, ಸೊಂಟದ ಆಪರೇಷನ್. ಅವಳು ಹಾಳೆ ಹರಿದು ಕೊಟ್ಟಳು. ಗಂಡನ ಮುಖ ನೋಡಿದಳು, ಕಾಲು ನೋಡಿದಳು.

"ಎಡಗಾಲಿಗೆ ನನ್ನ ಚಪ್ಪಲಿ ಹಾಕ್ಕೊಂಡೀರಿ," ಎಂದಳು. ಅವಳ ಕಣ್ಣಿನಲ್ಲಿ ಆಗಲೇ ನೀರಿತ್ತು. "ಖರೇ ಹೇಳ್ರಿ, ಏನಾಗೇತಿ?"

"ಬಂದು ಹೇಳ್ತೀನಿ," ಎಂದು ಅಮೃತಪ್ಪ ಚಪ್ಪಲಿ ಬದಲಿಸಿ ಹೊರಬಿದ್ದ. ಒಂದು ಪಾನಾ ಮಾತ್ರ ಜೇಬಿಗೆ ಹಾಕಿಕೊಂಡಿದ್ದ.

ಸುಲ್ತಾನ್ ಬಜಾರಿನವರೆಗೆ ಆಟೋ. ಅಲ್ಲಿ ಮೆಟ್ರೊ ಹತ್ತಿ, ಎಂಜಿಬಿಎಸ್‌ನಲ್ಲಿ ಬದಲಿಸಿ, ಅಮೀರ್‌ಪೇಟೆಯಲ್ಲಿ ಮತ್ತೆ ಬದಲಿಸಬೇಕು. ಕೂರಲು ಜಾಗ ಸಿಕ್ಕರೂ ಕೂರಲಿಲ್ಲ, ಕೂತರೆ ರೈಲು ನಿಧಾನವಾದೀತೆಂಬಂತೆ ಬಾಗಿಲಿಗೇ ಅಂಟಿ ನಿಂತ. ಕಣ್ಣು ಫೋನಿನ ಮೇಲೆ, ಮನಸ್ಸು ಮಗಳು ಹೋದ ರಸ್ತೆಯ ಮೇಲೆ. ಲಕ್ಡಿಕಾಪುಲ್ ದಾಟಿದಳು. ಮಾಸಬ್ ಟ್ಯಾಂಕ್ ದಾಟಿದಳು. ಮೆಹದಿಪಟ್ನಂನಲ್ಲಿ ಶೇರ್ ಆಟೋದವರು ಹೇಳದೆ ಕೇಳದೆ ನಡುವೆ ನಿಲ್ಲಿಸುತ್ತಾರೆ, ಅಲ್ಲಿ ಬ್ರೇಕ್ ಹಿಡಿದಿರಬೇಕು. ಟೋಲಿಚೌಕಿಯ ಫ್ಲೈಓವರಿನಿಂದ ಇಳಿಯುವಾಗ, ಇಳಿಜಾರು, ಹಿಂದೆ ಕಂಪನಿ ಬಸ್ಸು, ಮುಂದೆ ಸಿಗ್ನಲ್ಲು. ಅಲ್ಲಿಗೆ ಬಂದಾಗಲೆಲ್ಲ ಅಮೃತಪ್ಪನ ಯೋಚನೆ ಮುಂದಕ್ಕೆ ಹೋಗದೆ ನಿಲ್ಲುತ್ತಿತ್ತು. ಮತ್ತೆ ಕಾಚಿಗೂಡದಿಂದ ಶುರು ಮಾಡುತ್ತಿದ್ದ. ಅವಳನ್ನು ಎಷ್ಟು ಸಲ ಆ ಇಳಿಜಾರಿನವರೆಗೆ ತಂದು ಬಿಟ್ಟನೋ ಲೆಕ್ಕವಿಲ್ಲ.

ಅಮೀರ್‌ಪೇಟೆಯಲ್ಲಿ ಫೋನ್ ರಿಂಗಾಯಿತು. ಗೊತ್ತಿಲ್ಲದ ನಂಬರು. ಆಸ್ಪತ್ರೆಯವರು ಹೀಗೆಯೇ ಫೋನ್ ಮಾಡುವುದು, ಗಾಯಗೊಂಡವರ ಫೋನಿನಲ್ಲಿ 'ಅಪ್ಪಾ' ಎಂದಿರುವ ನಂಬರು ಹುಡುಕಿ. ಎತ್ತಿದ. ಒಬ್ಬ ಹೆಣ್ಣುಮಗಳು ಶಾದ್‌ನಗರದ ಕಡೆ ಪ್ಲಾಟುಗಳಿವೆ ಸಾರ್ ಎಂದು ತೆಲುಗಿನಲ್ಲಿ ಶುರು ಮಾಡಿದಳು. ಅಮೃತಪ್ಪ ಬೈಯಲಿಲ್ಲ. "ವದ್ದಮ್ಮಾ," ಎಂದು ಹೇಳಿ ಇಟ್ಟುಬಿಟ್ಟ. ಬೇಡ ಎನ್ನಲೂ ಆ ಒಂದು ಶಬ್ದದಷ್ಟೇ ಉಸಿರಿತ್ತು.

ಎಂಟೂ ಐದಕ್ಕೆ ಸುವರ್ಣಾ ಫೋನ್ ಮಾಡಿದ್ದಳು. ಮೆಸೇಜ್ ಬಂದಿಲ್ಲ. ಎಂಟೂ ಇಪ್ಪತ್ತಕ್ಕೆ ಮತ್ತೆ ಮಾಡಿದಳು. ಬಂದಿಲ್ಲ.

ಹೈಟೆಕ್ ಸಿಟಿಯಲ್ಲಿ ಇಳಿದು ಆಟೋ ಹಿಡಿದ. "ಆರಾಮ್‌ಸೆ ಬೈಠೊ ಚಾಚಾ, ಗಿರ್ ಜಾತೆ," ಎಂದ ಆಟೋದವ, ಇವನು ಬೀಳುವ ಹಾಗೆ ಸೀಟಿನ ತುದಿಯಲ್ಲಿ ಮುಂದಕ್ಕೆ ಬಾಗಿ ಕೂತದ್ದು ಕಂಡು. ಅಪಾರ್ಟ್‌ಮೆಂಟಿನ ಗೇಟು ಎತ್ತರವಿತ್ತು. ವಾಚ್‌ಮನ್ ಕುರ್ಚಿಯಿಂದ ಏಳದೆ, ಯಾರು ಬೇಕು, ಯಾವ ಫ್ಲಾಟು, ಪುಸ್ತಕದಲ್ಲಿ ಹೆಸರು ಬರೆಯಿರಿ ಎಂದ. ಅಮೃತಪ್ಪ ಪೆನ್ನು ಹಿಡಿದ. ಹೆಸರು ಬರೆಯುವ ಬದಲು ಗೇಟಿನ ಸರಳುಗಳ ನಡುವೆ ಒಳಗೆ ನೋಡಿದ.

ಗಾಡಿ ಅಲ್ಲಿತ್ತು. ಬಂದವರು ಗಾಡಿ ನಿಲ್ಲಿಸುವ ಜಾಗದಲ್ಲಿ, ಹೊಂಗೆ ಮರದ ಕೆಳಗೆ, ಎರಡೂ ಕನ್ನಡಿ ನೆಟ್ಟಗೆ, ಹೆಲ್ಮೆಟ್ಟು ಸೀಟಿನ ಕೊಂಡಿಗೆ ತೂಗಿಕೊಂಡು ನಿಂತಿತ್ತು. ಅವನು ಪೆನ್ನು ಕೈಬಿಟ್ಟು, ಗೇಟಿನ ಸರಳು ಹಿಡಿದು ಅಲ್ಲೇ ಕುಕ್ಕರಿಸಿದ. ವಾಚ್‌ಮನ್ ಗಾಬರಿಯಾಗಿ ಎದ್ದು ರಟ್ಟೆ ಹಿಡಿದು, ತನ್ನ ಕುರ್ಚಿಯಲ್ಲೇ ಕೂರಿಸಿ ನೀರು ಕೊಟ್ಟ. ನೀರು ಕುಡಿದು ಅಮೃತಪ್ಪ ಸುವರ್ಣಾಳಿಗೆ ಫೋನ್ ಮಾಡಿದ. "ಮುಟ್ಯಾಳ," ಎಂದ. ಆ ಕಡೆಯಿಂದ ಬರೀ ಅಳುವ ಸದ್ದು ಬಂತು.

ಹೆಸರು ಬರೆದು ಒಳಗೆ ಹೋದ. ಗಾಡಿಯ ಮುಂದೆ ಮೊಣಕಾಲೂರಿ, ಕನ್ನಡಕ ಏರಿಸಿ, ಮುಂದಿನ ಗಾಲಿಯ ಒಳಕ್ಕೆ ಕತ್ತು ಹಾಕಿ ನೋಡಿದ. ಉಬ್ಬು ಕಚ್ಚಿನೊಳಗೆ ಸರಿಯಾಗಿ ಕೂತಿತ್ತು. ಒಂದು ಸಲ ನೋಡಿ ಸಾಲದೆ ಬೆರಳಿನಿಂದ ಮುಟ್ಟಿ ನೋಡಿದ. ಅಬ್ಬಾ, ಕೂರಿಸಿದ್ದೆ, ನಾನು ಕೂರಿಸಿಯೇ ಇದ್ದೆ ಎಂದು ಜೀವ ಹೂವಾಯಿತು. ಇಷ್ಟೊಂದು ಗಾಬರಿಯಾದದ್ದಕ್ಕೆ ನಾಚಿಕೆಯೂ ಆಯಿತು. ಹೊರಗೆ ತೆಗೆದ ಪಾನಾವನ್ನು ಮತ್ತೆ ಜೇಬಿಗೆ ಹಾಕುವಾಗ ಅಚ್ಚಿನ ನಟ್ಟು ಕಣ್ಣಿಗೆ ಬಿತ್ತು.

ನಟ್ಟಿನ ಮೇಲೆ ಗೆರೆ ಇತ್ತು. ನೇರಳೆ ಬಣ್ಣದ ಗೆರೆ.

ಅವನ ಶೀಶೆಯದು ಕೆಂಪು. ಅವನು ಗೆರೆಯನ್ನೇ ನೋಡುತ್ತ ಕೂತ. ಸಣ್ಣಗೆ, ನೆಟ್ಟಗೆ ಎಳೆದ ಗೆರೆ, ಇತ್ತೀಚೆಗೆ ಅವನ ಕೈಯಿಂದ ಬರುತ್ತಿದ್ದ ಅಂಕುಡೊಂಕಿನದಲ್ಲ. ನಟ್ಟಿನ ಅಂಚುಗಳಲ್ಲಿ ಪಾನಾ ತಾಗಿದ ಹೊಸ ಗುರುತು. ಗಾಡಿಯ ಹಿಂದಕ್ಕೆ ಹೋದ. ಹಿಂದಿನ ಗಾಲಿಯ ನಟ್ಟಿನ ಮೇಲೆ, ಎರಡು ತಿಂಗಳ ಹಿಂದೆ ಚೈನು ಬಿಗಿದಾಗ ತಾನು ಎಳೆದ ಕೆಂಪು ಗೆರೆ. ಇನ್ನಷ್ಟು ಬಗ್ಗಿ ನಟ್ಟಿನ ಅಡಿಗೆ ನೋಡಿದ. ನಿಂತವರಿಗೆ ಕಾಣದ ಆ ಜಾಗದಲ್ಲಿ ಸಾಸಿವೆ ಕಾಳಿನಷ್ಟು ನೇರಳೆ ಚುಕ್ಕೆ. ಹ್ಯಾಂಡಲಿನ ಬೋಲ್ಟಿನ ಅಡಿಗೂ ಒಂದು. ಸೈಡ್ ಸ್ಟ್ಯಾಂಡಿನ ಸ್ಪ್ರಿಂಗು ಹಾಕಿದ ಕಡೆಯೂ ಒಂದು. ಎಂಟು ತಿಂಗಳಲ್ಲಿ ಅವನ ಕೈ ಬಿದ್ದ ಜಾಗವೆಲ್ಲ ಯಾರೋ ಹಿಂದೆಯೇ ಬಂದು ನೋಡಿ ಹೋಗಿದ್ದರು.

ಮಾನಸಾ ಒಂಬತ್ತಕ್ಕೆ ಲಿಫ್ಟಿನಿಂದ ಹೊರಬಂದಳು. ಅಪ್ಪ ನೆಲದ ಮೇಲೆ ಗಾಡಿಗೆ ಒರಗಿ ಕೂತದ್ದು ಕಂಡು ಓಡಿ ಬಂದಳು.

"ಅಪ್ಪಾ? ನೀ ಇಲ್ಲಿ? ಅವ್ವ ಆರಾಮ್ ಅದಾಳಿಲ್ಲೋ?"

"ಆರಾಮ್ ಅದಾಳ. ಮೆಸೇಜ್ ಯಾಕ ಹಾಕ್ಲಿಲ್ಲ?"

ಅವಳು ಫೋನ್ ತೆಗೆದು ನೋಡಿ ನಾಲಿಗೆ ಕಚ್ಚಿಕೊಂಡಳು. ಹದಿನಾಲ್ಕು ಮಿಸ್ಡ್ ಕಾಲ್. "ಅರ್ಧ ತಾಸು ತಡ ಆಗಿತ್ತಪ್ಪಾ. ಸೈಲೆಂಟ್ ಮಾಡಿ ಹಂಗ ಮ್ಯಾಲ ಓಡಿದೆ."

"ತಡ ಯಾಕಾತು?"

ಅಪ್ಪನ ಕೈ ಮುಂದಿನ ನಟ್ಟಿನ ಮೇಲಿದ್ದುದನ್ನು ನೋಡಿದಳು, ಗೆರೆ ನೋಡಿದಳು, ಬೇರೆ ಕಡೆ ನೋಡಿದಳು.

"ಮಾನಸಾ, ಖರೇ ಹೇಳು. ನಿನ್ನೆ ನಾ ಬಿಗಿದಾಗ ಅದು ಕೂತಿತ್ತೋ ಇಲ್ಲೋ?"

ಸುಳ್ಳು ಹೇಳಿದ್ದರೆ ಅವನು ನಂಬುತ್ತಿದ್ದ. ನಂಬಲು ಎರಡೂ ಕೈಯೊಡ್ಡಿ ಕಾಯುತ್ತಿದ್ದ. ಆದರೆ ಅವಳು ಅವನ ಮಗಳೇ.

"ಕೂತಿದ್ದಿಲ್ಲಪ್ಪಾ," ಎಂದಳು.

ಆಮೇಲೆ ಮೆಲ್ಲಗೆ ಎಲ್ಲ ಹೇಳಿದಳು. ಅವನು ಗಾಡಿಯ ಕೆಲಸ ಮಾಡಿದ ಮರುದಿನ ಮಾತ್ರ ಅವಳು ಗಾಡಿಯನ್ನು ಚಾಲೂ ಮಾಡದೆ ತಳ್ಳಿಕೊಂಡು ಹೋಗುವುದು. ಸ್ಟೇಷನ್ನಿನ ಕಾಂಪೌಂಡಿನ ಹತ್ತಿರ ನಿಲ್ಲಿಸಿ ಪ್ರತಿ ನಟ್ಟನ್ನೂ ನೋಡಿ, ತನ್ನ ನೇರಳೆ ಉಗುರುಬಣ್ಣದ ಗುರುತು ಇಡುವುದು. ಇವತ್ತು ತಳ್ಳುತ್ತ ಬ್ರೇಕ್ ಹಿಡಿದಾಗಲೇ ಮುಂದಿನ ಪ್ಲೇಟು ಟಕ್ಕೆಂದು ತಿರುಗಿತಂತೆ. ಸ್ಟೇಷನ್ನಿನ ಮುಂದಿನ ಆಟೋದವರೊಬ್ಬರನ್ನು ಕರೆದು, ಮುಂದಿನ ಗಾಲಿ ಮೇಲೇಳುವಂತೆ ಹಿಂದಿನ ಸೀಟಿನ ಮೇಲೆ ಕೂರಿಸಿ, ಗಾಡಿಯಲ್ಲೇ ಇದ್ದ ಪಾನಾದಿಂದ ನಟ್ಟು ಸಡಿಲಿಸಿ, ಕಚ್ಚನ್ನು ಉಬ್ಬಿಗೆ ಕೂರಿಸಿದಳಂತೆ. ಗಾಲಿ ತಿರುಗಿಸಿ, ಬ್ರೇಕ್ ಗಟ್ಟಿಯಾಗಿ ಹಿಡಿದು, ಹಿಡಿದಂತೆಯೇ ನಟ್ಟು ಬಿಗಿದಳಂತೆ. ಹಾಗೆ ಮಾಡಿದರೆ ಶೂಗಳು ತಾವಾಗಿಯೇ ನಟ್ಟನಡುವೆ ಕೂರುತ್ತವೆ ಎಂದು ಚಿಕ್ಕವಳಿದ್ದಾಗ ಅವನೇ ಅಂಗಳದಲ್ಲಿ ತೋರಿಸಿದ್ದು.

"ಎಷ್ಟು ಸಲ ಹಿಂಗಾಗೇತಿ?" ಎಂದು ಕೇಳಿದ.

"ಮೂರು. ಇದು ನಾಲ್ಕನೇದು."

"ನಿಮ್ಮವ್ವಗ ಗೊತ್ತೈತೇನು?"

"ಇಲ್ಲ. ನಾ ಯಾರಿಗೂ ಹೇಳಿಲ್ಲ."

ಅಮೃತಪ್ಪ ತಲೆಯಾಡಿಸಿದ. ಮಗಳು ಉಳಿದಳು ಎಂಬ ಸಮಾಧಾನ ಒಂದು ಕಡೆ, ತನ್ನ ಕೈಯೇ ಅವಳನ್ನು ನಾಲ್ಕು ಸಲ ಸಾವಿನ ಬಾಗಿಲಿಗೆ ತಳ್ಳಿತ್ತು ಎಂಬುದು ಇನ್ನೊಂದು ಕಡೆ. ತಿಪ್ಪೇಸ್ವಾಮಿಯವರ ನೀಲಿ ಚುಕ್ಕೆಗೆ ಅಷ್ಟು ಉರಿದುಕೊಂಡವನು, ಈಗ ಹಿಂದಿನ ನಟ್ಟಿನ ಅಡಿಯ ಆ ಸಾಸಿವೆ ಕಾಳನ್ನು ಹೆಬ್ಬೆರಳಿನಿಂದ ಮೆಲ್ಲಗೆ ಸವರಿದ. ಮಾನಸಾ ಕೈಗಡಿಯಾರ ನೋಡಿಕೊಂಡಳು. ಒಂಬತ್ತೂ ಕಾಲಿಗೆ ಗಚ್ಚಿಬೌಲಿಯ ಹತ್ತಿರ ಎರಡನೇ ಮನೆ.

"ಹತ್ತಪ್ಪಾ. ಮೆಟ್ರೊ ಹತ್ರ ಬಿಟ್ಟು ಹೋಗ್ತೀನಿ."

ಹನ್ನೊಂದು ವರ್ಷದಲ್ಲಿ ಅಮೃತಪ್ಪ ತನ್ನ ಗಾಡಿಯ ಹಿಂದಿನ ಸೀಟಿನಲ್ಲಿ ಕೂತವನಲ್ಲ. ಕೂತ. ಕೈ ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲಿಟ್ಟುಕೊಂಡ. ಗಾಡಿ ಗೇಟು ದಾಟಿ, ಕೊತ್ತಗೂಡದ ಕಡೆ ತಿರುಗಿ, ಬಸ್ಸು ಕಾರುಗಳ ನಡುವೆ ಸೇರಿತು. ಮುಂದೆ ಹೋಗುತ್ತಿದ್ದ ಕ್ಯಾಬು ತಟ್ಟನೆ ನಿಂತಿತು. ಅವಳು ಮುಂದಿನ ಬ್ರೇಕ್ ಹಿಡಿದಳು, ಅವನು ಕಲಿಸಿದಂತೆ, ಗಟ್ಟಿಯಾಗಿ. ಹಿಂದೆ ಕೂತ ಅಮೃತಪ್ಪನ ಬಲಗೈಯ ನಾಲ್ಕು ಬೆರಳೂ ತೊಡೆಯ ಮೇಲೆ ಮಡಚಿಕೊಂಡವು. ಗಾಡಿ ಅಲುಗದೆ, ಒಂದು ಪಕ್ಕಕ್ಕೂ ಎಳೆಯದೆ, ನೆಟ್ಟಗೆ ನಿಂತಿತು. ಕಿರ್ ಎನ್ನುವ ಸದ್ದೂ ಇರಲಿಲ್ಲ.

ಚಲೋ ಕೂರಿಸ್ಯಾಳ ಎಂದುಕೊಂಡ.

ಮುಂದಿನ ಸಿಗ್ನಲ್ಲಿಗೆ ಕೆಂಪು ಬಿತ್ತು. ಮುಖ ಕಾಣದಿದ್ದುದರಿಂದಲೋ ಏನೋ, ಎಂಟು ತಿಂಗಳಿನಿಂದ ಹೊಟ್ಟೆಯಲ್ಲಿಟ್ಟುಕೊಂಡದ್ದು ಅವನ ಬಾಯಿಗೆ ಬಂತು.

"ಮಾನಸಾ, ನನಗ ಮರವು ಬರಾಕತ್ತೈತಿ. ನಿಮ್ಮಜ್ಜಗ ಬಂದಿತ್ತಲ್ಲ, ಹಂಗ."

ಅವಳು ಹಿಂದಿರುಗಿ ನೋಡಲಿಲ್ಲ. "ಗೊತ್ತೈತಪ್ಪಾ," ಎಂದಳು ಹೆಲ್ಮೆಟ್ಟಿನೊಳಗಿಂದ. "ಶನಿವಾರ ಡಾಕ್ಟರ್ ಹತ್ರ ಹೋಗೂಣು. ನಾನೂ ಬರ್ತೀನಿ."

"ಗಾಡಿ ಕೆಲಸ ಬಿಡು ಅನ್ನಬ್ಯಾಡ. ನಾ ಬಿಗೀತೀನಿ, ನೀ ನೋಡು. ಕದ್ದು ಅಲ್ಲ, ನನ್ನೆದುರಿಗೆ ಚುಕ್ಕಿ ಇಡು."

"ಆತು. ಆದ್ರ ನಲ್ಲಾ ನೀರು ಬರೂ ದಿನ ಬ್ಯಾಡ."

ಅವಳು ಎಡಗೈಯನ್ನು ಹ್ಯಾಂಡಲಿನಿಂದ ತೆಗೆದು, ಹಿಂದಕ್ಕೆ ಚಾಚಿ, ಅವನ ಮೊಣಕಾಲನ್ನು ಗಟ್ಟಿಯಾಗಿ ಹಿಡಿದಳು. ಅಷ್ಟರಲ್ಲಿ ಸಿಗ್ನಲ್ಲು ಹಸಿರಾಯಿತು, ಹಿಂದಿನವರು ಹಾರ್ನ್ ಹೊಡೆಯತೊಡಗಿದರು. ಅಮೃತಪ್ಪ ಕಣ್ಣೊರೆಸಿಕೊಂಡ.

"ಎರಡೂ ಕೈ ಹ್ಯಾಂಡಲ್ ಮ್ಯಾಲ ಇಡು," ಎಂದ.

ಅವಳು ಇಟ್ಟಳು.